ಶಿಶುಗಳ ಒಡನಾಟದ ಅಳತೆ

ಹಿಂದೆ ಬಟ್ಟೆಯನ್ನು ಗಜದಿಂದಲೂ ಭತ್ತವನ್ನು ಕೊಳಗದಿಂದಲೂ ಅಳೆಯುತ್ತಿದ್ದೆವು. ಮೂರು ವರ್ಷದ ಮಗು ಓರಗೆಯವರೊಡನೆ ಆಡುವ ಆಟವನ್ನು ಯಾವುದರಿಂದ ಅಳೆಯಬೇಕು? ಹೀಗೆ ಕೇಳಿದರೆ ಮನೆಯ ಹಿರಿಯರು ನಕ್ಕಾರು. ಆದರೆ ಶಿಶುವಿಹಾರದ ಉಪಾಧ್ಯಾಯಿನಿಯವರು “ನಿಮ್ಮ ಹುಡುಗ ಯಾರೊಡನೆಯೂ ಸೇರುವುದಿಲ್ಲ” ಎಂದು ಹೇಳಿಕಳುಹಿಸಿದ ರಾತ್ರಿ ಆ ಹಿರಿಯರಿಗೇ ನಿದ್ರೆ ಹತ್ತುವುದಿಲ್ಲ. ಅಂಥ ಮಾತನ್ನು ಯಾವ ಆಧಾರದ ಮೇಲೆ ನಂಬತಕ್ಕದ್ದೆಂಬುದೇ ನಮ್ಮ ಇಂದಿನ ವಿಚಾರ.

ಈ ಅಳತೆಗೆ ಒಂದು ಕ್ರಮವನ್ನು ಹಾಕಿಕೊಟ್ಟವರಲ್ಲಿ ಮುಖ್ಯರಾದವರು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾನಿಲಯದ ಮಿಲ್ಡ್ರೆಡ್ ಪಾರ್ಟನ್ ಎಂಬ ವಿದುಷಿ. ಅಲ್ಲಿಯ ಶಿಶುಶಾಲೆಯಲ್ಲಿ 1926-27ರಲ್ಲಿ ತಾವು ಕಂಡುದನ್ನು ಅವರು 1932ರಲ್ಲಿ ಪ್ರಕಟಿಸಿದರು. ಉಪಾಯ ಬಹು ಸರಳವಾದುದು. ಮಕ್ಕಳು ಸ್ವೇಚ್ಛೆಯಾಗಿ ಆಡುತ್ತಿರುವಾಗ ಒಂದು ಮಗುವನ್ನು ಒಂದೇ ನಿಮಿಷ ನೋಡುವುದು, ಬರೆದುಕೊಳ್ಳುವುದು, ಇನ್ನೊಂದರ ಕಡೆಗೆ ತಿರುಗುವುದು. ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳು ಸಾಕು. ಮಗುವನ್ನು ತಿಳಿಯಲು ಅಂಥ ಹಲವು ಹತ್ತು ನಿಮಿಷಗಳು, ಅವೂ ಬೇರೆಬೇರೆ ದಿನಗಳವು, ಬೇಕಾಗುತ್ತವೆ.

ಹೀಗೆ ಕಂಡುದನ್ನು ಅವರು ಆರು ಬಗೆಯಾಗಿ ವಿಂಗಡಿಸಿದರು. ಮಗು ಯಾವುದರಲ್ಲಿಯೂ ತೊಡಗದೆ ಸುಮ್ಮನೆ ಅಲೆಯಬಹುದು, ಒಂಟಿಯಾಗಿ ಆಡಬಹುದು, ಇತರರ ಆಟವನ್ನು ನೋಡುತ್ತ ನಿಲ್ಲಬಹುದು. ಇಬ್ಬರು ಒಂದೇ ಮರಳಗುಡ್ಡೆಯಲ್ಲಿ ಅಕ್ಕಪಕ್ಕ ಕುಳಿತು, ತನ್ನ ಗೂಡು ತನಗೆಂದು ಕಟ್ಟುತ್ತಿದ್ದರೆ ಅದು ಸಮಾನಾಂತರ ಆಟ. ಬಟ್ಟಲನ್ನು ಕೊಟ್ಟು ತೆಗೆದುಕೊಂಡು ಮಾತನಾಡಿದರೆ ಒಡನಾಟ. “ನೀನು ನೀರು ತಾ, ನಾನು ಗೋಡೆ ಎಬ್ಬಿಸುತ್ತೇನೆ” ಎಂದು ಕೆಲಸ ಹಂಚಿಕೊಂಡರೆ ಸಹಕಾರ.

ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಈ ಆರಕ್ಕೂ ಅಂಕಗಳು ಬಿದ್ದುವು. ಸಹಕಾರಕ್ಕೆ ಮೂರು, ಒಡನಾಟಕ್ಕೆ ಎರಡು, ಸಮಾನಾಂತರಕ್ಕೆ ಒಂದು. ಉಳಿದ ಮೂರಕ್ಕೆ ಋಣಾಂಕಗಳು: ನೋಡುತ್ತ ನಿಂತವನಿಗೆ ಋಣ ಒಂದು, ಒಂಟಿಯಾಗಿ ಆಡುವವನಿಗೆ ಋಣ ಎರಡು, ಅಲೆಯುವವನಿಗೆ ಋಣ ಮೂರು. ಅರ್ಧ ಗಂಟೆ ಮೈಮರೆತು ಮರದ ತುಂಡುಗಳಿಂದ ಗೋಪುರ ಕಟ್ಟಿದ ಹುಡುಗನಿಗಿಂತ, ಬೆರಳು ಕಚ್ಚುತ್ತ ದೂರದಲ್ಲಿ ನಿಂತವನು ಮೇಲಾದನು! ಜನರ ನಡುವೆ ಮಗು ಎಷ್ಟರ ಮಟ್ಟಿಗೆ ಬೆರೆಯಿತೆಂಬುದನ್ನು ಮಾತ್ರ ಅಳೆದ ಕೋಲು ಅದು. ಅದನ್ನು ಬುದ್ಧಿಯ ಏಣಿಯೆಂದು ತಿಳಿದವರ ಕೈಯಲ್ಲಿ ಎಷ್ಟೋ ಮಕ್ಕಳು ಹಿಂದುಳಿದವರೆನಿಸಿಕೊಂಡಿರಬೇಕೆಂದು ನಮಗೆ ತೋರುತ್ತದೆ.

ಮುಂದಿನ ಸಂಶೋಧಕರು ಈ ಕೋಲನ್ನು ತಿದ್ದಿದರು. 1970ರ ದಶಕದಿಂದ ಈಚೆಗೆ ಕೆನೆತ್ ರೂಬಿನ್ ಅವರು, ಮಗು ಯಾರೊಡನೆ ಇದೆ ಎಂಬುದರ ಜೊತೆಗೆ ಏನು ಮಾಡುತ್ತಿದೆ ಎಂಬುದನ್ನೂ ಬರೆದುಕೊಳ್ಳುವ ಕ್ರಮವನ್ನು ಬೆಳೆಸಿದರು. ಆಗ ಒಂಟಿತನವು ಒಂದೇ ಬಗೆಯದಲ್ಲವೆಂದು ಕಂಡಿತು. ತಾನೇ ಕುಳಿತು ಕಟ್ಟುವ, ಚಿತ್ರ ಬರೆಯುವ ಮಗುವಿನ ವಿಷಯದಲ್ಲಿ ಅಷ್ಟರಿಂದಲೇ ಕಳವಳಪಡಬೇಕಾದುದಿಲ್ಲ. ಸೇರಲು ಆಸೆಯಿದ್ದೂ ಅಂಜಿ, ಪದೇಪದೇ ನೋಡುತ್ತ ನಿಲ್ಲುವ ಮಗುವಿನ ಕಡೆಗೇ ಹೆಚ್ಚು ಗಮನ ಬೇಕು. ಹಳೆಯ ಅಂಕಗಳು ಹೇಳಿದುದಕ್ಕೆ ಇದು ತಲೆಕೆಳಗು. 1980ರಲ್ಲಿ ಬೇಕ್‌ಮನ್, ಬ್ರೌನ್‌ಲೀ ಎಂಬಿಬ್ಬರು ಇನ್ನೊಂದು ಸೊಗಸಾದ ಸಂಗತಿಯನ್ನು ತೋರಿಸಿದರು: ಮಗು ಎಷ್ಟೋ ವೇಳೆ ಮೊದಲು ಪಕ್ಕದಲ್ಲಿ ಕುಳಿತು ತನ್ನಷ್ಟಕ್ಕೆ ಆಡಿ, ಅನಂತರ ಗುಂಪಿನೊಳಕ್ಕೆ ಜಾರಿಕೊಳ್ಳುತ್ತದೆ. ಕರೆಯದ ಮನೆಗೆ ಹೋಗುವ ದೊಡ್ಡವರಿಗೂ ಇಷ್ಟು ಜಾಣತನವಿರುವುದು ಅಪರೂಪ.

ಫಿಲಡೆಲ್ಫಿಯಾ ನಗರದ ಬಡ ಮಕ್ಕಳಿಗಾಗಿ ಜಾನ್ ಫ್ಯಾಂಟುಝೊ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಮಾಪನವು ಉಪಾಧ್ಯಾಯರನ್ನು ಕೇಳಿತು. ಮುಂದೆ ತಂದೆತಾಯಿಗಳಿಗೂ ಅದರ ಒಂದು ರೂಪ ಸಿದ್ಧವಾಯಿತು. ಮಗು ಕೂಡಿ ಆಡುವುದೇ, ಆಟ ಕೆಡಿಸುವುದೇ, ಆಟದಿಂದ ದೂರ ಸರಿಯುವುದೇ ಎಂಬ ಮೂರು ಎಣಿಕೆಗಳು ಅದರಲ್ಲಿ ಬೇರೆಬೇರೆ. ನಮ್ಮ ಮನೆಗಳಿಗೆ ಇದು ಹೊಂದುತ್ತದೆ. ಶಾಲೆಯಲ್ಲಿ ಸಮವಯಸ್ಕರ ನಡುವೆ ಮೂಕನಾದವನು ಜಗುಲಿಯ ಮೇಲೆ ಅಕ್ಕಂದಿರು, ದೊಡ್ಡಪ್ಪನ ಮಕ್ಕಳು ಸೇರಿದಾಗ ಅಡಿಗೆಯಾಟದ ಯಜಮಾನನೇ ಆಗಿರಬಹುದು. ಆದುದರಿಂದ ಉಪಾಧ್ಯಾಯಿನಿಯವರು ಹೇಳಿಕಳುಹಿಸಿದಾಗ, ಎಷ್ಟು ದಿನ ನೋಡಿದಿರಿ, ಒಂಟಿಯಾಗಿದ್ದಾಗ ಹುಡುಗ ಏನು ಮಾಡುತ್ತಿದ್ದ, ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಮನೆಯಲ್ಲಿ ಕಂಡುದನ್ನೂ ಅವರಿಗೆ ತಿಳಿಸತಕ್ಕದ್ದು.