ತಣ್ಣಗೆ ಮಾಡೋದು ಸುಲಭ, ತಣ್ಣಗೆ ಇಡೋದು ಕಷ್ಟ

ನಾನೀಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಆದರೆ ಎಂಟೆಕ್ ಮಾಡುವಾಗ ನನ್ನ ಪ್ರಾಜೆಕ್ಟ್ ಬೇರೆಯದೇ: ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರಿನ ಡಿಟೆಕ್ಟರನ್ನು ತಣ್ಣಗೆ ಇಡುವ ವ್ಯವಸ್ಥೆ. ಅಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆ ಇವತ್ತು ಹೇಳ್ತೀನಿ.

ಮೊದಲು, ತಣ್ಣಗೆ ಯಾಕಿರಬೇಕು? ಡಿಟೆಕ್ಟರ್ ಬೆಚ್ಚಗಿದ್ದರೆ, ಬೆಳಕು ಬೀಳದೇ ಇದ್ದರೂ ಅದರೊಳಗಿನ ಎಲೆಕ್ಟ್ರಾನುಗಳು ಬರೀ ಶಾಖಕ್ಕೇ ಎದ್ದು ಓಡಾಡುತ್ತವೆ. ಆ ಗದ್ದಲದಲ್ಲಿ ಅಳೆಯಬೇಕಾದ ಸಣ್ಣ ಬೆಳಕು ಕಳೆದುಹೋಗುತ್ತದೆ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಳ್ಳೋಕೆ ಹೋದ ಹಾಗೆ. ಅದಕ್ಕೇ ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯೂರೈಡ್ ಡಿಟೆಕ್ಟರನ್ನು ದ್ರವ ನೈಟ್ರೋಜನ್ ಬಳಸಿ 77 ಕೆಲ್ವಿನ್‌ಗೆ, ಅಂದರೆ ಮೈನಸ್ 196 ಡಿಗ್ರಿಗೆ ಇಳಿಸುತ್ತಾರೆ.

ನೈಟ್ರೋಜನ್ ಸುರಿದರೆ ಆಯ್ತು, ತಣ್ಣಗಾಗುತ್ತೆ. ಕಷ್ಟ ಇರೋದು ಶಾಖ ಒಳಗೆ ಬರದಂತೆ ತಡೆಯೋದರಲ್ಲಿ. ಅದಕ್ಕೆ ಮೂರು ದಾರಿ: ಪಾತ್ರೆಯ ಗೋಡೆಗಳ ನಡುವೆ ಉಳಿದ ಗಾಳಿ, ಬೆಚ್ಚಗಿನ ಮೇಲ್ಮೈಯಿಂದ ಬರುವ ವಿಕಿರಣ, ಆಮೇಲೆ ಒಳಗೆ ಹೊರಗೆ ಎರಡನ್ನೂ ಮುಟ್ಟುವ ಗಟ್ಟಿ ವಸ್ತುಗಳು. ಮೊದಲ ಎರಡರ ಲೆಕ್ಕ ನಾನು ಸರಿಯಾಗೇ ಹಾಕಿದ್ದೆ. ಗೋಡೆಗಳ ನಡುವೆ ನಿರ್ವಾತ, ಮೇಲ್ಮೈಗೆ ಪಾಲಿಶ್. ಅಂದಾಜು 1 ವ್ಯಾಟ್ ಶಾಖ ಒಳಬರುತ್ತೆ ಅಂದುಕೊಂಡೆ. 1 ವ್ಯಾಟ್ ಶಾಖಕ್ಕೆ ಗಂಟೆಗೆ ಸುಮಾರು 22 ಮಿಲಿಲೀಟರ್ ನೈಟ್ರೋಜನ್ ಆವಿಯಾಗುತ್ತೆ. ಅರ್ಧ ಲೀಟರ್ ತುಂಬಿದರೆ ಹೆಚ್ಚುಕಡಿಮೆ ಒಂದು ದಿನ ಬರಬೇಕು.

ಲ್ಯಾಬಿನ ಸೀನಿಯರ್ ಅಕ್ಕ ಒಬ್ಬರು ಅದನ್ನೇ ನಂಬಿ ಸಂಜೆ 6ಕ್ಕೆ ಅಳತೆ ಶುರು ಮಾಡಿದರು. ವಾರಗಟ್ಟಲೆ ಕೂತು ತಯಾರಿಸಿದ ಮಾದರಿ. ಅದು ನಿಧಾನವಾಗಿ ಬದಲಾಗೋದನ್ನು ಮಾರನೇ ದಿನ ಮಧ್ಯಾಹ್ನದವರೆಗೂ ನೋಡಬೇಕಿತ್ತು. ಕೊನೆಯ ಘಟ್ಟವೇ ಮುಖ್ಯ. ಬೆಳಿಗ್ಗೆ 9ಕ್ಕೆ ಹೋಗಿ ನೋಡಿದರೆ ಪಾತ್ರೆ ಖಾಲಿ, ಸ್ಕ್ರೀನ್ ತುಂಬಾ ನಾಯ್ಸ್. ಅಕ್ಕ ಬೈಯಲಿಲ್ಲ. "ವೈರಿನ ಲೆಕ್ಕ ಹಾಕಿದ್ದೇನೋ?" ಅಂತ ಕೇಳಿದರು, ಅಷ್ಟೇ.

ಹಾಕಿರಲಿಲ್ಲ. ಡಿಟೆಕ್ಟರ್, ಹೀಟರ್, ಸೆನ್ಸರ್ ಎಲ್ಲಾ ಸೇರಿ ಹತ್ತು ತಾಮ್ರದ ತಂತಿ. ಅರ್ಧ ಮಿಲಿಮೀಟರ್ ದಪ್ಪ, 20 ಸೆಂಟಿಮೀಟರ್ ಉದ್ದ. ಕರೆಂಟಿಗೆ ಒಳ್ಳೆಯ ದಾರಿಯಾದ ತಾಮ್ರ ಶಾಖಕ್ಕೂ ಒಳ್ಳೆಯ ದಾರಿ. ಒಂದೊಂದು ತಂತಿಯಲ್ಲಿ ಸುಮಾರು 0.09 ವ್ಯಾಟ್. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹತ್ತೂ ಸೇರಿ 0.9 ವ್ಯಾಟ್. ನನ್ನ ಇಡೀ ಲೆಕ್ಕ ಹತ್ತಿರ ಹತ್ತಿರ ಎರಡು ಪಟ್ಟಾಯಿತು.

ತಕ್ಷಣ ನನಗೆ ಹೊಳೆದದ್ದು ಅಲಾರಂ. 80 ಕೆಲ್ವಿನ್ ದಾಟಿದರೆ ಮೆಸೇಜ್ ಬರುವ ಹಾಗೆ ಪ್ರೋಗ್ರಾಂ ಬರೆದೆ. ಆದರೆ ಅಲಾರಂ ಸೋರಿಕೆಯನ್ನು ತಿಳಿಸುತ್ತೆ, ನಿಲ್ಲಿಸಲ್ಲ. ನಿಜವಾದ ಪರಿಹಾರ ತಂತಿಯಲ್ಲೇ ಇತ್ತು. ಅಷ್ಟೇ ದಪ್ಪ, ಅಷ್ಟೇ ಉದ್ದದ ಫಾಸ್ಫರ್ ಬ್ರಾಂಜ್ ತಂತಿ ತಾಮ್ರದ ಸುಮಾರು ಹತ್ತನೇ ಒಂದು ಭಾಗ ಶಾಖವನ್ನಷ್ಟೇ ಬಿಡುತ್ತದೆ. ಅದನ್ನೇ ಇನ್ನೂ ತೆಳ್ಳಗೆ, ಉದ್ದಕ್ಕೆ ತೆಗೆದುಕೊಂಡೆ. ಡಿಟೆಕ್ಟರ್ ಮುಟ್ಟುವ ಮೊದಲು ನೈಟ್ರೋಜನ್ ಪಾತ್ರೆಯ ಬುಡಕ್ಕೆ ಸುತ್ತಿ ಅಂಟಿಸಿದೆ. ತಂತಿಯ ಶಾಖ ಅಲ್ಲೇ ಇಳಿದುಹೋಗುತ್ತೆ, ಡಿಟೆಕ್ಟರಿಗೆ ತಲುಪಲ್ಲ.

ನೈಟ್ರೋಜನ್ ಆದ್ದರಿಂದ ಬಚಾವಾದೆ. 4.2 ಕೆಲ್ವಿನ್‌ನ ದ್ರವ ಹೀಲಿಯಂ ಆಗಿದ್ದರೆ ಅದೇ 1 ವ್ಯಾಟಿಗೆ ಗಂಟೆಗೆ ಸುಮಾರು 1.4 ಲೀಟರ್ ಹೋಗುತ್ತಿತ್ತು.

ಅಕ್ಕ ಹೊಸ ಮಾದರಿ ಮಾಡಿಕೊಂಡು ಮತ್ತೆ ಅಳತೆಗೆ ಕೂತರು. ಆ ವಾರಗಳನ್ನು ನಾನು ವಾಪಸ್ ಕೊಡೋಕಾಗಲಿಲ್ಲ. ಈಗ ಆಫೀಸಲ್ಲಿ ಯಾರಾದರೂ "ಒಂದು ಸಣ್ಣ ಎಪಿಐ ಕಾಲ್ ಅಷ್ಟೇ" ಅಂದರೆ, ಅಂಥವು ಒಟ್ಟು ಎಷ್ಟಿವೆ ಅಂತ ಮೊದಲು ಎಣಿಸ್ತೀನಿ. ಪ್ರಶ್ನೆ ಇದ್ದರೆ ಕೇಳಿ.