ಅಜ್ಜನ ಬೀಡಿ, ಮಿದುಳಿನ ಬೀಗ

“ಬೀಡಿ ಕೆಟ್ಟದ್ದು ಅಂತ ನಮ್ಮಜ್ಜನಿಗೂ ಗೊತ್ತು. ಆದರೂ ಯಾಕೆ ಬಿಡಲ್ಲ?” ಆರನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದ್ದಳು. “ಮನಸ್ಸು ಗಟ್ಟಿ ಮಾಡ್ಕೋಬೇಕಮ್ಮ” ಎಂದು ಹೇಳಿ ಮಾತು ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ಉತ್ತರವಲ್ಲ ಮಕ್ಕಳೇ. ಅಜ್ಜನ ಮನಸ್ಸಿನ ಜೊತೆಗೆ ಅವರ ಮಿದುಳಿನ ಕಥೆಯೂ ಇದರಲ್ಲಿದೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಹೊಗೆಸೊಪ್ಪಿನ ಗಿಡವನ್ನು ಹೊಲದಲ್ಲೇ ನೋಡಿರುತ್ತೀರಿ. ಆ ಗಿಡದ ಬೇರಿನಲ್ಲಿ ನಿಕೋಟಿನ್ ಎಂಬ ವಸ್ತು ತಯಾರಾಗಿ ಎಲೆಗೆ ಏರುತ್ತದೆ. ಗಿಡಕ್ಕೆ ಅದು ಕಾವಲು. ಎಲೆ ಮೇಯಲು ಬಂದ ಹುಳುವಿನ ನರಗಳನ್ನು ನಿಕೋಟಿನ್ ಕೆಡಿಸುತ್ತದೆ. ರೈತರು ಹೊಗೆಸೊಪ್ಪಿನ ಕಷಾಯ ಕಾಯಿಸಿ ಬೆಳೆಗೆ ಹೊಡೆಯುತ್ತಿದ್ದದ್ದು ಇದಕ್ಕೇ.

ಹುಳುವನ್ನು ಓಡಿಸುವ ಈ ವಸ್ತು ಮನುಷ್ಯರನ್ನು ಮಾತ್ರ ಮತ್ತೆ ಮತ್ತೆ ಕರೆಯುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಮೆರಿಕದ ಮರೀನಾ ಪಿಚೊಟ್ಟೊ ಒಬ್ಬರು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಅಲ್ಲಿ ಅವರು ಕೆಲಸ ಮಾಡಿದ್ದು ವಿಜ್ಞಾನಿ ಜಾನ್‌ಪಿಯೆರ್ ಶಾಂಜೂ ಅವರ ಜೊತೆ.

ಶಾಂಜೂ ಅವರದೇ ಒಂದು ಸೊಗಸಾದ ಕಥೆ. ನಮ್ಮ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಕೂದಲಿಗಿಂತ ಎಷ್ಟೋ ಸಣ್ಣ ಸಂದು ಇರುತ್ತದೆ. ಒಂದು ಕೋಶ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಬಿಟ್ಟರೆ, ಆಚೆಯ ಕೋಶದ ಮೇಲಿರುವ ಬೀಗಕ್ಕೆ ಅದು ಕೀಲಿಯ ಹಾಗೆ ಕೂತು ಬಾಗಿಲು ತೆರೆಯುತ್ತದೆ, ಸುದ್ದಿ ದಾಟುತ್ತದೆ. ವಿಜ್ಞಾನಿಗಳು ಈ ಬೀಗವನ್ನು ಗ್ರಾಹಕ ಎನ್ನುತ್ತಾರೆ. ಅದು ಇದ್ದೇ ಇದೆ ಎಂದು ಎಷ್ಟೋ ವರ್ಷ ಊಹಿಸಿದ್ದರು, ಬೇರ್ಪಡಿಸಿ ಹಿಡಿಯಲು ಆಗಿರಲಿಲ್ಲ. ಶಾಂಜೂ ಮತ್ತು ಜೊತೆಯವರು 1970ರಲ್ಲಿ ವಿದ್ಯುತ್ ಮೀನಿನ ಅಂಗದಿಂದ ಅದನ್ನು ಹೆಕ್ಕಿದರು. ಹುಡುಕಲು ನೆರವಾದದ್ದು ಕಟ್ಟುಹಾವಿನ ಜಾತಿಯ ಒಂದು ಹಾವಿನ ವಿಷ! ಆ ವಿಷ ಇದೇ ಬೀಗಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮೀನು, ಹಾವು, ಹೊಗೆಸೊಪ್ಪು ಮೂರೂ ಒಂದೇ ಬೀಗದ ಹತ್ತಿರ ಬಂದು ಸೇರುವುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ನಿಕೋಟಿನ್ ಈ ಬೀಗಕ್ಕೆ ಕಳ್ಳಕೀಲಿ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲೇ ಅದು ಮಿದುಳು ಮುಟ್ಟುತ್ತದೆ.

ಬೀಗ ಅಂದರೆ ಒಂದೇ ಬಗೆಯದಲ್ಲ. ಪ್ರತಿಯೊಂದೂ ಐದು ಪ್ರೋಟೀನ್ ತುಂಡುಗಳಿಂದ ಆದದ್ದು, ತುಂಡುಗಳಲ್ಲೇ ಹಲವು ಬಗೆ. ಚಟ ಹಿಡಿಸುವಲ್ಲಿ ಯಾವ ತುಂಡಿನ ಕೈವಾಡ? ಪಿಚೊಟ್ಟೊ ಮತ್ತು ಸಂಗಡಿಗರು ಬೀಟಾ-2 ಎಂಬ ಒಂದೇ ಒಂದು ತುಂಡು ಇಲ್ಲದ ಇಲಿಗಳನ್ನು ಬೆಳೆಸಿದರು. ಆ ಇಲಿಗಳು ಬದುಕಿದವು, ಓಡಾಡಿದವು, ಕಲಿತವು. ಆಮೇಲೆ, ಇಲಿ ತಾನಾಗಿ ಒಂದು ಕೆಲಸ ಮಾಡಿದರೆ ಅದಕ್ಕೆ ಒಂದಿಷ್ಟು ನಿಕೋಟಿನ್ ಸಿಗುವಂತೆ ಏರ್ಪಾಡು ಮಾಡಿದರು. ಸಾಮಾನ್ಯ ಇಲಿಗಳು ಆ ಕೆಲಸವನ್ನು ಬಿಡದೆ ಮಾಡುತ್ತಲೇ ಇದ್ದವು. ಬೀಟಾ-2 ಇಲ್ಲದ ಇಲಿಗಳು ಅದರ ಗೊಡವೆ ಬಿಟ್ಟವು. “ಇದು ಚೆನ್ನಾಗಿದೆ, ಮತ್ತೊಮ್ಮೆ ಬೇಕು” ಎಂದು ಮಿದುಳಿಗೆ ಕಲಿಸುವ ಡೋಪಮಿನ್ ಕೂಡ ನಿಕೋಟಿನ್ ಕೊಟ್ಟಾಗ ಅವುಗಳಲ್ಲಿ ಏರಲಿಲ್ಲ. ಈ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಪಿಚೊಟ್ಟೊ ಯೇಲ್ ವಿಶ್ವವಿದ್ಯಾಲಯ ಸೇರಿ ತಮ್ಮದೇ ಪ್ರಯೋಗಾಲಯ ತೆರೆದಿದ್ದರು. ಈ ಬೀಗಗಳಿಗೂ ಮನಸ್ಸಿನ ಖಿನ್ನತೆಗೂ ಏನು ನಂಟು ಎಂದು ಅಲ್ಲಿ ಮುಂದೆ ಹುಡುಕಿದರು.

ಈಗ ಅಜ್ಜನ ವಿಷಯಕ್ಕೆ ಬರೋಣ. ಕಳ್ಳಕೀಲಿ ದಿನವೂ ಬರುತ್ತಿದ್ದರೆ ಮಿದುಳಿನಲ್ಲಿ ಬೀಗಗಳ ಸಂಖ್ಯೆಯೇ ಹೆಚ್ಚುತ್ತದೆ. ಬೀಡಿ ಸೇದದ ದಿನ ಅಷ್ಟೂ ಬೀಗಗಳು ಕೀಲಿಗಾಗಿ ಕಾದು ಕೂರುತ್ತವೆ. ಸಿಡುಕು, ಚಡಪಡಿಕೆ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಅಜ್ಜ ಹಟಮಾರಿಯೆಂದಲ್ಲ, ಅವರ ಮಿದುಳು ಬದಲಾಗಿದೆ. ಬೆಳೆಯುತ್ತಿರುವ ನಿಮ್ಮಂಥವರ ಮಿದುಳಿಗೆ ಈ ಚಟ ಇನ್ನೂ ಸುಲಭವಾಗಿ ಅಂಟುತ್ತದೆ. 21 ವರ್ಷದೊಳಗಿನವರಿಗೆ ತಂಬಾಕು ಮಾರಬಾರದೆಂದು ಕರ್ನಾಟಕದಲ್ಲಿ ಕಾನೂನಿರುವುದು ಸರಿಯಾಗಿಯೇ ಇದೆ.

ಬಾಗಿಲನ್ನು ಅರ್ಧ ಮಾತ್ರ ತೆರೆದು ನಿಕೋಟಿನ್‌ಗೆ ಜಾಗ ಕೊಡದ ವರೆನಿಕ್ಲಿನ್ ಎಂಬ ಔಷಧಿಯೂ ಈಗ ಇದೆ. ಅದು ಕೂರುವುದು ಬೀಟಾ-2 ತುಂಡಿರುವ ಬೀಗದಲ್ಲೇ. ಅದನ್ನು ವೈದ್ಯರೇ ಕೊಡಬೇಕು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-112-356, ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೂತವರು ಕನ್ನಡದಲ್ಲೇ ಮಾತಾಡುತ್ತಾರೆ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಬೈಯದೆ, ನಿಮ್ಮ ಅಜ್ಜನ ಕೈಗೆ ಕೊಡಿ.