ಡ್ರಿಪ್ ಹಾಕಿದ್ದಾರಾ? ಹಾಗಿದ್ರೆ ಸ್ವಲ್ಪ ಇಲ್ಲಿ ಕೇಳಿ

ಇವತ್ತಿನ ಮಾತು ಗ್ಲೂಕೋಸ್ ಬಾಟಲಿ ಬಗ್ಗೆ. ಒಳಗೆ ಸಲೈನ್ ಇರಲಿ, ಇನ್ನೇನೇ ಇರಲಿ, ಸ್ಟ್ಯಾಂಡ್‌ಗೆ ನೇತುಹಾಕಿದ್ದೆಲ್ಲ ನಮಗೆ ಗ್ಲೂಕೋಸೇ ಅಲ್ವಾ. ಮಳೆಗಾಲ ಬಂತು ಅಂದ್ರೆ ಡೆಂಗಿ. ಮನೆಯವರೊಬ್ಬರು ಬೆಡ್ ಮೇಲೆ, ಪಕ್ಕದ ಸ್ಟೂಲ್ ಮೇಲೆ ಫೋನ್ ಹಿಡ್ಕೊಂಡು ನಮ್ಮ ವಯಸ್ಸಿನವರೊಬ್ಬರು. ಈ ಎಪಿಸೋಡ್ ಆ ಸ್ಟೂಲ್ ಮೇಲೆ ಕೂತವರಿಗೆ.

ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ಆದರೆ ಈ ಕಥೆ ಹೆಚ್ಚುಕಮ್ಮಿ ಆಡಿಟ್ ಕಥೆಯೇ, ಅದಕ್ಕೇ ನನಗೆ ಹಿಡಿಸಿದ್ದು.

ಚರ್ಮ ಅನ್ನೋದು ದೇಹದ ಕಾಂಪೌಂಡ್ ಗೋಡೆ. ಕೈಗೆ ಟೇಪ್ ಸುತ್ತಿ ಕೂರಿಸೋ ಕ್ಯಾನುಲಾ ಆ ಗೋಡೆಗೆ ಕೊರೆದ ತೂತು. ಔಷಧಿ ಹೋಗೋ ದಾರಿಯಲ್ಲೇ ಬ್ಯಾಕ್ಟೀರಿಯಾನೂ ಹೋಗಬಹುದು. ಐಸಿಯುನಲ್ಲಿ ಕತ್ತಿನ ಹತ್ತಿರ ದೊಡ್ಡ ರಕ್ತನಾಳಕ್ಕೆ ಹಾಕೋ ಸೆಂಟ್ರಲ್ ಲೈನ್‌ನಲ್ಲಿ ಅಪಾಯ ಇನ್ನೂ ಜಾಸ್ತಿ. ಯಾವುದೋ ಕಾಯಿಲೆಗೆ ಅಡ್ಮಿಟ್ ಆದವರು ಈ ಸೋಂಕಿನಿಂದ ಸತ್ತಿರೋದುಂಟು.

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾಕ್ಟರ್ ಪೀಟರ್ ಪ್ರೊನೊವೋಸ್ಟ್ ಸೆಂಟ್ರಲ್ ಲೈನ್ ಹಾಕೋದಕ್ಕೆ ಒಂದು ಚೆಕ್‌ಲಿಸ್ಟ್ ಬರೆದರು. ಕೈ ತೊಳೀರಿ, ರೋಗಿಯ ಚರ್ಮವನ್ನ ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ, ಮಾಸ್ಕ್-ಗೌನ್-ಗ್ಲೌಸ್ ಹಾಕಿ, ಈ ಥರದ್ದು. ಇದರಲ್ಲಿ ಯಾವ ಡಾಕ್ಟರ್‌ಗೂ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಆದರೂ ಒಂದು ತಿಂಗಳು ನರ್ಸ್‌ಗಳಿಗೆ ಗಮನಿಸೋಕೆ ಹೇಳಿದಾಗ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರೋಗಿಗಳಲ್ಲಿ ಒಂದಾದರೂ ಹೆಜ್ಜೆ ತಪ್ಪಿತ್ತು.

ಆಮೇಲೆ ಮಾಡಿದ್ದೇ ಅಸಲಿ ಬದಲಾವಣೆ. ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನರ್ಸ್ ಅಲ್ಲೇ ತಡೀಬಹುದು ಅಂತ ಅಧಿಕಾರ ಕೊಟ್ಟರು. ಕಾಮರ್ಸ್ ಓದಿದವರಿಗೆ ಗೊತ್ತು, ಇದು ಇಂಟರ್ನಲ್ ಚೆಕ್: ಚೆಕ್‌ಗೆ ಸಹಿ ಹಾಕೋನೇ ಲೆಕ್ಕ ಬರೀಬಾರದು.

ಮುಂದೆ ಮಿಚಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದನ್ನ ಜಾರಿ ಮಾಡಿದರು. ಅಲ್ಲಿ ನೋಡಿದ್ರೆ, ಮೂರನೇ ಒಂದು ಭಾಗಕ್ಕಿಂತ ಕಡಿಮೆ ಐಸಿಯುಗಳಲ್ಲಿ ಮಾತ್ರ ಕ್ಲೋರ್‌ಹೆಕ್ಸಿಡಿನ್ ಸಿಗ್ತಿತ್ತು! ಸ್ಟಾಕೇ ಇಲ್ಲದ ಮೇಲೆ ಚೆಕ್‌ಲಿಸ್ಟ್ ಇಟ್ಕೊಂಡು ಏನ್ ಮಾಡೋದು? ಮ್ಯಾನೇಜ್‌ಮೆಂಟ್‌ನವರು ತರಿಸಿಕೊಟ್ಟರು. 2006ರಲ್ಲಿ ಫಲಿತಾಂಶ ಪ್ರಕಟವಾಯ್ತು. ಪ್ರತಿ 1000 ಕ್ಯಾಥೆಟರ್ ದಿನಗಳಿಗೆ 2.7 ಇದ್ದ ಸೋಂಕಿನ ಮೀಡಿಯನ್ ಮೂರೇ ತಿಂಗಳಲ್ಲಿ ಸೊನ್ನೆ. ಹೊಸ ಔಷಧಿ ಇಲ್ಲ, ಹೊಸ ಮಷಿನ್ ಇಲ್ಲ.

ಮಿಚಿಗನ್ ಪಟ್ಟಿಯ ಒಂದು ಅಂಶ ನಮ್ಮ ವಾರ್ಡ್‌ಗಳಿಗೂ ಸರಿಯಾಗಿ ಹೊಂದುತ್ತೆ: ಬೇಡದ ಲೈನ್ ತೆಗೀರಿ. ಸಣ್ಣ ಕ್ಯಾನುಲಾಗೂ ಇದು ಅನ್ವಯ. ಕಳೆದ ವರ್ಷ ನಮ್ಮ ಚಿಕ್ಕಪ್ಪ ಡೆಂಗಿಗೆ ಒಂದು ನರ್ಸಿಂಗ್ ಹೋಮ್‌ನಲ್ಲಿದ್ರು. ಡ್ರಿಪ್ ನಿಂತು ಎರಡು ದಿನ ಆಗಿತ್ತು, ಗಂಜಿ, ಎಳನೀರು ಎಲ್ಲ ಬಾಯಲ್ಲೇ ತಗೋತಿದ್ರು, ಕ್ಯಾನುಲಾ ಮಾತ್ರ ಹಾಗೇ ಕೈಯಲ್ಲಿ. ಸುತ್ತ ಕೆಂಪಾಗಿ ಊದಿತ್ತು. "ಸಿಸ್ಟರ್, ಇದು ಇನ್ನೂ ಬೇಕಾ?" ಅಂದೆ. "ನೋಡಪ್ಪ, ಇಡೀ ವಾರ್ಡ್‌ಗೆ ನಾವಿಬ್ರೇ ಇರೋದು" ಅಂತ ನಿಟ್ಟುಸಿರು ಬಿಟ್ಟು, ಡಾಕ್ಟರ್‌ನ ಕೇಳಿ ತೆಗೆದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಬ್ಬರನ್ನೇ ಇಟ್ಟು ವಾರ್ಡ್ ನಡೆಸೋ ಆಡಳಿತದ ಮೇಲೆ ಇದೆ.

ಇನ್ನೊಂದು ನೋಟ ನೀವೂ ನೋಡಿರ್ತೀರಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಗಾಳಿ ಹೋಗಲಿ ಅಂತ ಒಂದು ಸೂಜಿ ಚುಚ್ಚಿರ್ತಾರೆ. ಗಾಳಿ ಒಳಗೆ ಹೋಗದೆ ನೀರು ಇಳಿಯಲ್ಲ, ನಿಜ. ಆದರೆ ಅದು ವಾರ್ಡಿನ ಗಾಳಿ, ಸೋಸಿದ್ದಲ್ಲ. ಖಾಲಿಯಾಗ್ತಾ ತಾನೇ ಕುಗ್ಗೋ ಮೆತ್ತನೆ ಬ್ಯಾಗ್‌ಗೆ ಈ ಸೂಜಿ ಬೇಡ. ಅರ್ಜೆಂಟೀನಾ, ಬ್ರೆಜಿಲ್, ಮೆಕ್ಸಿಕೋ, ಇಟಲಿಯ ಐಸಿಯುಗಳಲ್ಲಿ ಎರಡನ್ನೂ ಹೋಲಿಸಿದಾಗ, ಬ್ಯಾಗ್ ಬಳಸಿದಾಗ ರಕ್ತದ ಸೋಂಕು ಕಡಿಮೆ ಇತ್ತು.

ಹಾಗಾದ್ರೆ ಸ್ಟೂಲ್ ಮೇಲೆ ಕೂತು ಏನ್ ಮಾಡೋದು? ಕ್ಯಾನುಲಾ ಮುಟ್ಟೋ ಮುಂಚೆ ಕೈಗೆ ಸ್ಯಾನಿಟೈಸರ್ ಹಾಕಿದ್ರಾ, ಇಂಜೆಕ್ಷನ್ ಕೊಡೋ ಮುಂಚೆ ಅದರ ಬಾಯಿಯನ್ನ ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಿ ಒಣಗೋಕೆ ಬಿಟ್ರಾ, ನೋಡಿ. ಇಲ್ಲ ಅಂದ್ರೆ ಮೆಲ್ಲಗೆ ಕೇಳಿ. ವಿಡಿಯೋ ಮಾಡ್ಕೊಂಡು ಜಗಳಕ್ಕೆ ನಿಲ್ಲಬೇಡಿ ಮಾರಾಯ್ರೆ. ಟೇಪ್ ಒದ್ದೆಯಾಗಿದ್ರೆ, ಬಿಚ್ಚಿಕೊಂಡಿದ್ರೆ ಹೇಳಿ. ಕೆಂಪು, ನೋವು, ಕೀವು ಕಂಡರೆ, ಡ್ರಿಪ್ ಹೋಗ್ತಿರುವಾಗ ಇದ್ದಕ್ಕಿದ್ದಂತೆ ಚಳಿ-ನಡುಕ ಬಂದರೆ ತಕ್ಷಣ ಕರೀರಿ. ನೀವೇ ಕೀಳೋಕೆ ಹೋಗಬೇಡಿ. ದಿನಾ ರೌಂಡ್ಸ್‌ಗೆ ಬಂದ ಡಾಕ್ಟರ್‌ಗೆ "ಇವತ್ತೂ ಇದು ಬೇಕಾ ಸರ್?" ಅಂತ ಒಂದು ಪ್ರಶ್ನೆ ಕೇಳಿ.

ಹಾಂ, "ಸುಸ್ತು ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿಬಿಡಿ" ಅಂತ ನಾವೇ ಕೇಳಿ ಹಾಕಿಸಿಕೊಳ್ತೀವಲ್ಲ, ಅದೂ ತೂತೇ. 500 ಎಂಎಲ್ ಬಾಟಲಿಯ 5% ಡೆಕ್ಸ್‌ಟ್ರೋಸ್‌ನಲ್ಲಿ ಇರೋದು 25 ಗ್ರಾಂ ಸಕ್ಕರೆ. ಬಾಯಲ್ಲಿ ಕುಡಿಯೋಕೆ ಆಗುತ್ತೆ, ವಾಂತಿ ಇಲ್ಲ, ಡಾಕ್ಟರೂ ಬೇಡ ಅಂದಿದ್ದಾರೆ ಅಂದ್ರೆ, ಮನೇಲಿ ಪಾನಕ ಮಾಡ್ಕೊಂಡು ಕುಡೀರಿ.